ಶಿವರಾತ್ರಿಗೆ ಕೊಡಬೇಕಾದ ಬೋರ್ಡು

ಕನ್ನಡಿಯ ಮುಂದೆ ವಿಭೂತಿ ಹಚ್ಚಿಕೊಳ್ಳುತ್ತಿದ್ದ ನಮ್ಮ ಮನೆಯವರು ಕೈ ತಡೆದು ನಿಂತರು. ನಾನು ಅಂಗನವಾಡಿಗೆ ಹೊರಡುವ ಅವಸರದಲ್ಲಿದ್ದೆ. ಒಂದು ಕೈಯಲ್ಲಿ ಸೀರೆಯ ನಿರಿಗೆ, ಇನ್ನೊಂದರಲ್ಲಿ ಕೀಲಿಕೈ.

"ಮಾದೇವಿ, ಇಲ್ಲಿ ಬಾ. ಕಣ್ಣಾಗ ಲೆಮನ್ ಯೆಲ್ಲೋ ಬಂದೈತಿ ನೋಡು."

ನನ್ನ ಗಂಡ ಈರಣ್ಣ ಬಾದಾಮಿಯಲ್ಲಿ ಮೂವತ್ತು ವರ್ಷ ಅಂಗಡಿಗಳ ಬೋರ್ಡು ಬರೆದವರು. ಬರೀ ಹಳದಿ ಎಂಬ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಬಣ್ಣದ ಡಬ್ಬಿಯ ಮೇಲೆ ಹೇಗೆ ಬರೆದಿರುತ್ತದೋ ಹಾಗೇ ಹೇಳುವವರು. ಹೋಗಿ ನೋಡಿದೆ. ಕಣ್ಣಿನ ಬಿಳಿಭಾಗ ಹಳದಿಗಟ್ಟಿತ್ತು. ನೋವಿಲ್ಲ, ಜ್ವರವಿಲ್ಲ. ಕಾಮಾಲೆ ಇದ್ದೀತು, ಬಿಡ್ರಿ ಅಂದೆ. ನನಗೆ ಅಂಗನವಾಡಿಯ ಬಾಗಿಲು ತೆಗೆಯುವ ಚಿಂತೆ.

ಆ "ಬಿಡ್ರಿ" ಈಗ ನೆನಪಾದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಅವತ್ತೇ ಬಂದಿದ್ದರೂ ದೊಡ್ಡ ವ್ಯತ್ಯಾಸ ಆಗುತ್ತಿರಲಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು. ನನ್ನ ಸಮಾಧಾನಕ್ಕೆ ಹೇಳಿದರೋ, ನಿಜವೇ ಹೇಳಿದರೋ, ಇವತ್ತಿಗೂ ಗೊತ್ತಿಲ್ಲ.

ಎರಡು ವಾರ ನಾಟಿ ಔಷಧ ನಡೆಯಿತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಸಿರು ರಸ. ಎಣ್ಣೆ ಬಂದ್, ಖಾರ ಬಂದ್, ಮಜ್ಜಿಗೆ ಅನ್ನ. ಹಳದಿ ಕಣ್ಣಿನಿಂದ ಮುಖಕ್ಕೆ, ಮುಖದಿಂದ ಎದೆಗೆ, ಅಂಗೈಗೆ ಇಳಿಯಿತು. ಮೈತುಂಬ ತುರಿಕೆ. ಇವರು ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜಿಕೊಳ್ಳುತ್ತ, ಈಗ ಗೋಲ್ಡನ್ ಯೆಲ್ಲೋ ಆಯಿತು ಎಂದು ನಕ್ಕರು. ನಾನೂ ನಕ್ಕೆ. ಪ್ಯಾಂಟು ಮಾತ್ರ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ.

ಮಗಳು ಸವಿತಾ ಇಳಕಲ್‌ನಿಂದ ಬಂದವಳೇ ಹೌಹಾರಿದಳು. ಅವಳೂ ಅಳಿಯನೂ ಅಲ್ಲಿ ಮೆಡಿಕಲ್ ಅಂಗಡಿ ಇಟ್ಟಿದ್ದಾರೆ. ನನ್ನನ್ನು ಬಾಯಿಗೆ ಬಂದ ಹಾಗೆ ಬೈದು, ಅದೇ ದಿನ ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದಳು. ರಕ್ತ, ಸ್ಕ್ಯಾನ್, ಮತ್ತೆ ರಕ್ತ. ಮೂರನೆಯ ದಿನ ಡಾಕ್ಟರು ನನ್ನನ್ನೂ ಸವಿತಾಳನ್ನೂ ಮಾತ್ರ ಒಳಗೆ ಕರೆದರು. ಒಂದು ಹಾಳೆಯ ಮೇಲೆ ಪಿತ್ತದ ನಾಳ ಬರೆದರು, ಅದರ ಪಕ್ಕಕ್ಕೆ ಪ್ಯಾಂಕ್ರಿಯಾಸ್ ಬರೆದರು, ಅದರ ತಲೆಯ ಮೇಲೆ ಪೆನ್ನಿನಿಂದ ಒಂದು ಗಂಟು ತಿದ್ದಿ ತಿದ್ದಿ ಕಪ್ಪು ಮಾಡಿದರು. ಆಪರೇಷನ್ ಮಾಡುವ ಸ್ಟೇಜ್ ದಾಟಿದೆ, ನಾಳ ತೆರೆದಿಡಲು ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕುತ್ತೇವೆ, ಕಾಮಾಲೆ ಇಳಿಯುತ್ತದೆ, ಆರಾಮ ಅನ್ನಿಸುತ್ತದೆ ಎಂದರು.

"ಆರಾಮ ಆಕ್ಕಾರೇನ್ರಿ?" ಎಂದು ಕೇಳಿದೆ.

"ಆರಾಮ ಅನಸ್ತೈತ್ರಿ ಅವರಿಗೆ," ಅಂದರು.

ಎರಡಕ್ಕೂ ಏನು ಫರಕು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಸವಿತಾ ಕೇಳಿದಳು.

ಮೂರು ತಿಂಗಳು. ಹೆಚ್ಚೆಂದರೆ ನಾಲ್ಕು.

ಆಗ ದೀಪಾವಳಿ ಮುಗಿದು ಒಂದು ವಾರವಾಗಿತ್ತು. ಅಪ್ಪನಿಗೆ ಹೇಳಬಾರದು ಎಂದು ಸವಿತಾ ಹಟ ಹಿಡಿದಳು. ಹೇಳಿದರೆ ಅವತ್ತೇ ಮಲಗಿಬಿಡುತ್ತಾನೆ ಎಂಬುದು ಅವಳ ವಾದ. ಹೇಳದಿದ್ದರೆ ಏನು ಎದ್ದು ಕುಣಿಯುತ್ತಾರೆಯೇ ಎಂದು ನನ್ನ ಮನಸ್ಸಿನಲ್ಲಿ ಬಂತು. ಆದರೆ ನನಗೂ ಹೇಳುವ ಬಾಯಿ ಇರಲಿಲ್ಲ. ಪಿತ್ತದ ನಾಳದಲ್ಲಿ ಹರಳು ಸಿಕ್ಕಿದೆ ಎಂದು ಇಬ್ಬರೂ ಸೇರಿ ಒಂದು ಕತೆ ಕಟ್ಟಿದೆವು. ರಿಪೋರ್ಟುಗಳನ್ನು ಜೋಳದ ಡಬ್ಬಿಯ ತಳದಲ್ಲಿಟ್ಟೆ. ಇವರು "ಹೂಂ" ಅಂದರು. ಮತ್ತೇನೂ ಕೇಳಲಿಲ್ಲ.

ಸ್ಟೆಂಟ್ ಹಾಕಿದ ಮೇಲೆ ನನ್ನ ತಲೆ ಪೂರಾ ಕೆಟ್ಟಿತು. ಮೂರು ವಾರದಲ್ಲಿ ಹಳದಿ ಇಳಿಯಿತು, ತುರಿಕೆ ನಿಂತಿತು, ಅರ್ಧ ರೊಟ್ಟಿ ತಿಂದರು. ಓಣಿಯವರೆಲ್ಲ ಬಂದು ಮುಖ ಕಳೆಗಟ್ಟಿದೆ ಎಂದರು. ನಾನು ಡಾಕ್ಟರ ಲೆಕ್ಕ ತಪ್ಪಿರಬೇಕು ಎಂದುಕೊಂಡೆ. ಬನಶಂಕರಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದೆ. ಮರುವಾರವೇ ಬೆನ್ನುನೋವು ಸುರುವಾಯಿತು. ಹೊಟ್ಟೆಯಿಂದ ಹೊರಟು ಬೆನ್ನಿಗೆ ಹೋಗುವ ನೋವು. ಮುಖ ಚೆನ್ನಾಗಿದೆ, ಒಳಗೆ ಕೆಡುತ್ತಿದೆ. ಯಾವುದನ್ನು ನಂಬಬೇಕು?

ಇವರು ಗೋಡೆಯ ಕಡೆ ಮುಖ ಮಾಡಿ ಮಲಗತೊಡಗಿದರು.

ಆ ಹೊತ್ತಿಗೆ ನಮ್ಮ ಮನೆಗೆ ಬರಲು ಸುರು ಮಾಡಿದವಳು ರೇಷ್ಮಾ. ಪ್ಯಾಲಿಯೇಟಿವ್ ಕೇರ್ ನರ್ಸು, ಅಂದರೆ ವಾಸಿಯಾಗದ ರೋಗಿಗಳ ನೋವು ತಗ್ಗಿಸಲು ಮನೆಗೇ ಬರುವವಳು, ಮನೆ ಬಾಗಲಕೋಟೆಯ ವಿದ್ಯಾಗಿರಿ. ಗುರುವಾರಕ್ಕೊಮ್ಮೆ ಬರುತ್ತಿದ್ದಳು. ಬಿ.ಪಿ. ನೋಡಿ, ಮಾರ್ಫಿನ್ ಗುಳಿಗೆಯ ಹೊತ್ತು ಹೇಳಿ, ಇವರ ಕಾಲಿಗೆ ಎಣ್ಣೆ ಹಚ್ಚುತ್ತ ಹರಟೆ ಹೊಡೆಯುತ್ತಿದ್ದಳು. ಸಾಯುವವರ ಮನೆಯಲ್ಲಿ ಇಷ್ಟು ನಗುವ ಹುಡುಗಿಯನ್ನು ಕಂಡರೆ ಮೊದಮೊದಲು ನನಗೆ ಸಿಟ್ಟೇ ಬರುತ್ತಿತ್ತು. ಒಂದು ಗುರುವಾರ ನನ್ನನ್ನು ಪಡಸಾಲೆಗೆ ಕರೆದು, ಇವರ ಕೈಗೆ ಏನಾದರೂ ಕೊಡಿ ಎಂದಳು. ಬಣ್ಣ, ಹಾಡು, ಹೆಣಿಗೆ, ಯಾವುದಾದರೂ ಸರಿ. ಮಾಡುವವರಿಗೆ ಒಂದು ಆಸೆ ಹುಟ್ಟುತ್ತದೆ, ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ ಎಂದಳು.

"ಎಂಥಾ ಆಸೆ, ತಂಗಿ? ಆರಾಮ ಆಕ್ಕೇನಿ ಅಂತ ಆಸೆ ಹಚ್ಚಲೇನು?"

"ಅಷ್ಟ ದೊಡ್ಡದ ಬ್ಯಾಡ್ರಿ ಅಕ್ಕಾರ. ನಾಳೆ ಮುಂಜಾನೆ ಏಳಾಕ ಒಂದ ಕಾರಣ ಇದ್ರ ಸಾಕು."

ನನಗೆ ಸರಿಯಾಗಿ ತಿಳಿಯಲಿಲ್ಲ. ಆದರೆ ಬಣ್ಣ ಎಂದಳಲ್ಲ, ಮರುದಿನ ಅಂಗನವಾಡಿಯಿಂದ ಕ್ರೆಯಾನ್ ಡಬ್ಬಿಯನ್ನೂ ಚಿತ್ರದ ಹಾಳೆಗಳನ್ನೂ ತಂದೆ. ಒಂದು ಹಾಳೆಯ ಮೇಲೆ ಬಾತುಕೋಳಿ ಇತ್ತು, ಬಣ್ಣ ತುಂಬಲು. ಮೂವತ್ತು ವರ್ಷ ಬ್ರಷ್ ಹಿಡಿದ ಮನುಷ್ಯನ ಮುಂದೆ ನಾನು ಬಾತುಕೋಳಿ ಇಟ್ಟೆ. ನನ್ನ ಬುದ್ಧಿಗೆ ಏನೆನ್ನಬೇಕು!

ಇವರು ಹಾಳೆ ನೋಡಿದರು. ನನ್ನ ಮುಖ ನೋಡಿದರು. "ನಾ ಚಿತ್ರಗಾರ ಅಲ್ಲ ಮಾದೇವಿ. ಆರ್ಡರ್ ಬಂದ್ರ ಬರಿಯಾಂವ," ಎಂದು ಮತ್ತೆ ಗೋಡೆಗೆ ತಿರುಗಿದರು.

ಅದು ಖರೆ ಮಾತು. ತನಗಾಗಿ ಒಂದು ಗೆರೆ ಎಳೆದವರಲ್ಲ. ನಮ್ಮ ಮನೆಯ ಗೋಡೆಯ ಮೇಲೆ ಅವರ ಕೈಯ ಒಂದು ಅಕ್ಷರವಿಲ್ಲ. ಫ್ಲೆಕ್ಸ್ ಮಷಿನ್ ಬಂದು ಬೋರ್ಡು ಬರೆಸುವವರು ಇಲ್ಲವಾದ ಮೇಲೆ ಟ್ರ್ಯಾಕ್ಟರ್ ಟ್ರೇಲರು, ನಂಬರ್ ಪ್ಲೇಟು, ಶಾಲೆಯ ಗೋಡೆ ಎಂದು ತಿರುಗಿದರು. ಯಾರೋ ಒಬ್ಬರು ಬೇಕು, ಅವರಿಗೆ ಬೇಕಾದದ್ದು ಬೇಕು. ಆಗಲೇ ಇವರ ಕೈ ಏಳುತ್ತಿತ್ತು.

ಆದ್ದರಿಂದ ಸುಳ್ಳು ಹೇಳಿದೆ. ಸಂಕ್ರಾಂತಿಯ ಮರುದಿನ. ಕುಳಗೇರಿ ಕ್ರಾಸ್‌ನಿಂದ ಒಬ್ಬ ಚಹಾದಂಗಡಿಯವರು ಬಂದಿದ್ದರು, ಬೋರ್ಡು ನಿಮ್ಮ ಕೈಯಲ್ಲೇ ಬರೆಸಬೇಕಂತೆ, ನೀವು ಮಲಗಿದ್ದಿರಿ ಎಂದು ಎಬ್ಬಿಸಲಿಲ್ಲ ಎಂದೆ. ಹೆಸರೇನು ಎಂದರು. ಬಾಯಿಗೆ ಬಂದದ್ದು ಹೇಳಿದೆ, ಸಂಗಮ ಚಹಾ ಅಂಗಡಿ.

ಎದ್ದು ಕುಳಿತರು.

ಹದಿನೈದು ದಿನದಿಂದ ನಾನು ಬೆನ್ನಿಗೆ ಕೈ ಕೊಟ್ಟು ಎಬ್ಬಿಸುತ್ತಿದ್ದ ಮನುಷ್ಯ. ತಾವೇ ಎದ್ದು ಕುಳಿತು, ಅಂಗಡಿ ಯಾವ ದಿಕ್ಕಿಗಿದೆ, ಬಸ್ಸು ಎಲ್ಲಿ ನಿಲ್ಲುತ್ತದೆ, ಮಧ್ಯಾಹ್ನದ ಬಿಸಿಲು ಎದುರಿಗೆ ಬೀಳುತ್ತದೋ ಪಕ್ಕಕ್ಕೋ ಎಂದು ಕೇಳತೊಡಗಿದರು. ನಾನು ತೊದಲಿದೆ. "ಜಾಗಾ ನೋಡದ ನಾ ಅಕ್ಷರ ಹಚ್ಚಾಂವಲ್ಲ. ನಿನಗ ಗೊತ್ತಿಲ್ಲೇನು? ಕರ್ಕೊಂಡ ಹೋಗು," ಎಂದರು.

ಗೊತ್ತಿತ್ತು. ಇಪ್ಪತ್ತಾರು ವರ್ಷ ಸಂಸಾರ ಮಾಡಿದವಳಿಗೆ ಗೊತ್ತಿರದೆ ಏನು? ಎಷ್ಟು ದೂರದಿಂದ ಓದುತ್ತಾರೆ, ನಡೆದು ಬರುವವರೋ ಗಾಡಿಯಲ್ಲಿ ಬರುವವರೋ ಎಂದು ನೋಡಿ ಬಂದ ಮೇಲೆಯೇ ಅವರು ಅಕ್ಷರದ ಎತ್ತರ ಗೊತ್ತು ಮಾಡುತ್ತಿದ್ದದ್ದು. ಸುಳ್ಳು ಹೇಳುವ ಅವಸರದಲ್ಲಿ ಅದನ್ನೇ ಮರೆತಿದ್ದೆ.

ಮರುದಿನ ರಜೆ ಹಾಕಿ ಟಂಟಂ ಗಾಡಿ ಹತ್ತಿ ಕುಳಗೇರಿ ಕ್ರಾಸ್‌ಗೆ ಹೋದೆ. ಗಂಡನಿಗಾಗಿ ಒಂದು ಅಂಗಡಿ ಹುಡುಕಲು. ಎಲ್ಲ ಅಂಗಡಿಗೂ ಫ್ಲೆಕ್ಸ್ ಇತ್ತು. ಒಬ್ಬ ಟೇಲರ್ ನನ್ನನ್ನು ಫ್ಲೆಕ್ಸ್ ಏಜೆಂಟ್ ಎಂದು ತಿಳಿದು ಮೊದಲೇ ಬೇಡ ಎಂದ. ಕೊನೆಗೆ ಬಸ್ಸು ನಿಲ್ಲುವಲ್ಲಿ ಒಂದು ಚಹಾದಂಗಡಿ. ಗಾಳಿಗೆ ಹರಿದ ಫ್ಲೆಕ್ಸ್ ಅರ್ಧ ಜೋತಾಡುತ್ತಿತ್ತು. ಅಂಗಡಿಯವರು ರಾಜೇಸಾಬರು, ಅರವತ್ತು ದಾಟಿದವರು. ನಿಂತುಕೊಂಡೇ ಎಲ್ಲ ಹೇಳಿದೆ. ಹೇಳುತ್ತ ಅತ್ತುಬಿಟ್ಟೆ, ಗುರುತಿಲ್ಲದ ಮನುಷ್ಯನ ಮುಂದೆ, ಹಾಡುಹಗಲು. ಅವರು ಚಹಾ ಸೋಸುವುದನ್ನು ನಿಲ್ಲಿಸಲಿಲ್ಲ. ಒಂದು ಕಪ್ಪು ನನ್ನ ಮುಂದಿಟ್ಟರು.

"ನಮ್ಮ ಅಬ್ಬಾನೂ ಹಿಂಗ ಮಲಗಿದ್ರರಿ. ಮಾವಿನ ಸಸಿ ತಂದ್ಕೊಡು, ಹಚ್ತೇನಿ ಅಂತ ದಿನಾ ಅಂತಿದ್ರು. ಹಣ್ಣ ತಿನ್ನಾಕ ನೀ ಎಲ್ಲಿರ್ತಿ ಅಂತ ನಾನ ಅಂದಬಿಟ್ಟೆ. ಕರ್ಕೊಂಡ ಬರ್ರಿ ಅವರನ್ನ."

ಹೆಸರು ಸಂಗಮ ಎಂದು ಹೇಳಿಬಿಟ್ಟಿದ್ದೇನೆ ಎಂದೆ. ಇಲ್ಲಿ ಎಲ್ಲರೂ ರಾಜೇಸಾಬನ ಚಹಾ ಅನ್ನುತ್ತಾರೆ, ಬೇರೆ ಹೆಸರೇ ಇಲ್ಲ, ನಿಮ್ಮ ಸಂಗಮವೇ ಇರಲಿ ಎಂದರು. ಬೋರ್ಡಿನ ಅವಸರವಿಲ್ಲ, ಯುಗಾದಿ ಆದ ಮೇಲೆ ಕೊಡಿ ಅನ್ನಬೇಕು ಎಂದೂ ಅವರಿಗೆ ಹೇಳಿಕೊಟ್ಟು ಬಂದೆ. ದೂರದ ದಿನ ಕೊಟ್ಟರೆ ಅಲ್ಲಿಯವರೆಗೂ ಇರುತ್ತೇನೆ ಎಂದು ಇವರಿಗೆ ಅನ್ನಿಸಲಿ, ಅದೇ ಆಸೆ ಎಂದು ನನ್ನ ಎಣಿಕೆ.

ಎರಡು ದಿನ ಬಿಟ್ಟು ಓಣಿಯ ಆಟೋದಲ್ಲಿ ದಿಂಬು ಹಾಕಿ ಇವರನ್ನು ಕೂರಿಸಿಕೊಂಡು ಹೋದೆವು. ಅಪ್ಪನಿಗಾಗಿ ನಮ್ಮಲ್ಲೇ ಉಳಿದಿದ್ದ ಸವಿತಾ ದಾರಿಯುದ್ದಕ್ಕೂ ಮುಖ ಗಂಟಿಕ್ಕಿಕೊಂಡಿದ್ದಳು. ಇಷ್ಟು ಅಲುಗಾಟ ಅಪ್ಪನಿಗೆ ಆಗುವುದಿಲ್ಲ, ನಿನಗೆ ಆ ನರ್ಸಿನ ಹುಚ್ಚು ಹಿಡಿದಿದೆ ಎಂದಳು. ಕ್ರಾಸಿನಲ್ಲಿ ಇಳಿದ ಇವರು ಅಂಗಡಿಗೆ ಹೋಗಲಿಲ್ಲ. ಸವಿತಾಳ ತೋಳು ಹಿಡಿದು ರಸ್ತೆ ದಾಟಿ ಆಚೆ ಬದಿಗೆ ಹೋಗಿ ನಿಂತರು. ಹಣೆಗೆ ಕೈ ಹಚ್ಚಿ ನೋಡಿದರು. ಒಂದು ಬಸ್ಸು ಬಂದು ನಿಂತು ಹೋಗುವವರೆಗೂ ಕಾದರು. ಆಮೇಲೆ ನಿಧಾನಕ್ಕೆ ಬಂದು ಅಂಗಡಿಯ ಮುಂದಿನ ಬಾಕಿನ ಮೇಲೆ ಕುಳಿತರು. ಬಸ್ಸಿನ ಕಿಟಕಿಯಿಂದ ಓದಬೇಕು, ಆರಡಿ ಉದ್ದ, ಎರಡಡಿ ಎತ್ತರ, ನೀಲಿ ನೆಲ, ಬಿಳಿ ಅಕ್ಷರ ಎಂದರು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಕಣ್ಣು ಮಾತ್ರ ಕೆಲಸದ ಕಣ್ಣು. ನನಗೆ ಬಹಳ ಖುಷಿಯಾಯಿತು.

ಕೊನೆಗೆ ಅವರು ಕೇಳಲೇಬೇಕಾದದ್ದು ಕೇಳಿದರು. ಯಾವಾಗ ಬೇಕು? ರಾಜೇಸಾಬರು ನನ್ನ ಕಡೆ ನೋಡದೆ, ನಾನು ಹೇಳಿಕೊಟ್ಟ ಹಾಗೇ ಹೇಳಿದರು. ಅವಸರವಿಲ್ಲ, ಯುಗಾದಿ ಆದ ಮೇಲೆ ಕೊಡಿ.

ಇವರು ಬೆರಳು ಮಡಚಿ ಏನೋ ಎಣಿಸಿದರು.

"ಉಗಾದಿ ನನ್ನ ಕೈಯಾಗ ಇಲ್ರಿ ಸಾಹೇಬ್ರ. ಶಿವರಾತ್ರಿಗೆ ಕೊಡ್ತೇನಿ."

ಶಿವರಾತ್ರಿ ಯುಗಾದಿಗಿಂತ ಒಂದು ತಿಂಗಳು ಮುಂಚೆ.

ಅವರಿಗೆ ಗೊತ್ತಿತ್ತು.

ಮನೆಗೆ ಬಂದು ಮಲಗಿಸಿದ ಮೇಲೆ ಸವಿತಾ ಅಪ್ಪನ ಕಾಲ ಹತ್ತಿರ ಕುಳಿತು, ನಿನಗೆ ಯಾರು ಹೇಳಿದರು ಎಂದು ಕೇಳಿದಳು. ಅವಳ ಕಣ್ಣು ನನ್ನ ಮೇಲಿತ್ತು, ನಾನೇ ಬಾಯಿಬಿಟ್ಟಿದ್ದೇನೆ ಎಂದು.

"ಯಾರ್ ಹೇಳಬೇಕು? ವಾರ್ಡಿನ ಬಾಗಲಾ ಮ್ಯಾಲ ಕ್ಯಾನ್ಸರ್ ವಿಭಾಗ ಅಂತ ಇಷ್ಟ ದೊಡ್ಡ ಬೋರ್ಡ್ ಐತಿ. ಬೋರ್ಡ್ ಓದದ ನಾ ಎಲ್ಲಿ ಒಳಗ ಹೋಗೇನಿ?"

ಅಕ್ಷರ ಚೆನ್ನಾಗಿ ಬರೆದಿದ್ದಾರೆ, ಸಾಲು ಮಾತ್ರ ಸ್ವಲ್ಪ ಎಡಕ್ಕೆ ಇಳಿದಿದೆ ಎಂದೂ ಸೇರಿಸಿದರು. ನಾವು ಇಬ್ಬರು ಹೆಂಗಸರು ಎರಡು ತಿಂಗಳು ರಿಪೋರ್ಟು ಮುಚ್ಚಿಡಲು ಪಟ್ಟ ಪಾಡೇನು, ಜೋಳದ ಡಬ್ಬಿಯೇನು. ಬೋರ್ಡು ಬರೆಯುವವನನ್ನು ಬೋರ್ಡಿನ ಕೆಳಗೇ ಗಾಲಿಕುರ್ಚಿಯಲ್ಲಿ ನೂಕಿಕೊಂಡು ಹೋಗಿದ್ದೆವು. ಸವಿತಾ ಅತ್ತಳು. ನನಗೆ ಅಳು ಬಂತೋ ನಗು ಬಂತೋ, ಏನು ಬಂತೋ ತಿಳಿಯಲಿಲ್ಲ.

ಹಾಗಾದರೆ ಈ ಆರ್ಡರ್ ಸುಳ್ಳು ಎಂಬುದೂ ಗೊತ್ತಿತ್ತೇ? ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ತಗಡಿನ ಶೀಟು ಬಂತು. ಬಣ್ಣದ ವಾಸನೆಗೆ ವಾಂತಿ ಬಂದೀತು ಎಂದು ಕಿಟಕಿ ಎಲ್ಲ ತೆರೆದಿಟ್ಟು, ಪಡಸಾಲೆಯ ಬಾಗಿಲಲ್ಲಿ ಕುರ್ಚಿ ಹಾಕಿದೆ. ಪ್ರೈಮರು, ನೀಲಿ ನೆಲ, ಎಲ್ಲ ನನ್ನ ಕೈಯಿಂದ ಹೊಡೆಸಿದರು. ಗುಳಿಗೆ ತೆಗೆದುಕೊಂಡರೆ ಕಣ್ಣು ಎಳೆಯುತ್ತಿತ್ತು, ತೆಗೆದುಕೊಳ್ಳದಿದ್ದರೆ ನೋವಿಗೆ ಕೈ ನಡುಗುತ್ತಿತ್ತು. ರೇಷ್ಮಾ ಡಾಕ್ಟರಿಗೆ ಫೋನ್ ಹಚ್ಚಿ ಮಾತಾಡಿ ಗುಳಿಗೆಯ ಹೊತ್ತು ಬದಲಿಸಿಕೊಟ್ಟಳು. ಬೆಳಿಗ್ಗೆ ಒಂಬತ್ತೂವರೆಯಿಂದ ಹತ್ತರವರೆಗೆ ನೋವು ಇಲ್ಲ, ನಿದ್ದೆಯೂ ಇಲ್ಲ. ಆ ಅರ್ಧ ಗಂಟೆ ನಮ್ಮ ಮನೆಯ ದಿನ. ಉಳಿದದ್ದೆಲ್ಲ ಅದಕ್ಕೆ ತಯಾರಿ, ಇಲ್ಲವೇ ಅದರ ದಣಿವು.

ದಾರಕ್ಕೆ ಚಾಕ್‌ಪುಡಿ ಸವರಿ, ಒಂದು ತುದಿ ನಾನು ಹಿಡಿದು, ಒಂದು ತುದಿ ಸವಿತಾ ಹಿಡಿದು, ಇವರು ನಡುವೆ ಎಳೆದು ಬಿಟ್ಟರೆ ತಗಡಿನ ಮೇಲೆ ಬೆಳ್ಳನೆಯ ಗೆರೆ. ಚಾಕಿನಲ್ಲಿ ಅಕ್ಷರದ ಅಂಚು. "ಸ" ಒಂದಕ್ಕೇ ಎರಡು ದಿನ ಹಿಡಿಯಿತು. ಅಂಚು ಅವರು ಎಳೆಯುವುದು, ಒಳಗೆ ಬಣ್ಣ ನಾನು ತುಂಬುವುದು ಎಂದು ಆಯಿತು. ಗೆರೆ ದಾಟದೆ ಬಣ್ಣ ತುಂಬಿ ಎಂದು ಮಕ್ಕಳಿಗೆ ಹತ್ತೊಂಬತ್ತು ವರ್ಷ ಹೇಳಿಕೊಟ್ಟವಳು ನಾನು. ನನ್ನ ಬ್ರಷ್ ಗೆರೆ ದಾಟಿ ಎಲ್ಲೆಲ್ಲಿಗೋ ಹೋಗುತ್ತಿತ್ತು. ಅವರು ಬೈಯುತ್ತಿದ್ದರು. ಆ ಬೈಗುಳ ಎಷ್ಟು ಹಿತವಾಗಿತ್ತು ಎಂದು ಹೇಗೆ ಹೇಳಲಿ? ಎರಡು ತಿಂಗಳಿಂದ ಅವರು ನನ್ನ ಜೊತೆ ರೋಗಿಯ ಹಾಗೆ ಮೆತ್ತಗೆ ಮಾತಾಡುತ್ತಿದ್ದರು. ಈಗ ಮತ್ತೆ ನನ್ನ ಗಂಡ.

ಎಲ್ಲ ದಿನವೂ ಹಾಗಿರಲಿಲ್ಲ. ಕೆಲವು ದಿನ ಕುರ್ಚಿಯ ಹತ್ತಿರವೂ ಬರಲಿಲ್ಲ. ಒಂದು ದಿನ "ಮ" ಬರೆಯುತ್ತಿದ್ದಾಗ ವಾಂತಿಯಾಗಿ ಬೋರ್ಡಿನ ಅಂಚಿಗೆ ಬಿತ್ತು. ಸವಿತಾ ಕೂಗಾಡಿದಳು. ಇರುವ ನಾಲ್ಕು ದಿನವಾದರೂ ಸುಮ್ಮನೆ ಮಲಗಲು ಬಿಡು ಅವ್ವಾ ಎಂದಳು. ಅವಳ ಮಾತೂ ಸರಿ ಅನ್ನಿಸಿತು. ಬೋರ್ಡನ್ನು ಗೋಡೆಗೆ ತಿರುಗಿಸಿಟ್ಟೆ. ಮರುದಿನ ಒಂಬತ್ತೂವರೆಗೆ ಇವರು ಹಾಸಿಗೆಯಲ್ಲೇ ಬಲಗೈ ಚಾಚಿ ಬೆರಳು ಆಡಿಸಿದರು, ಬ್ರಷ್ ಕೊಡು ಎಂದು. ಸವಿತಾಳೇ ಎದ್ದು ಬೋರ್ಡು ತಿರುಗಿಸಿದಳು.

ನಾನು ಆಗ ಬಹಳ ಗೊಂದಲದಲ್ಲಿದ್ದೆ, ಈಗಲೂ ಇದ್ದೇನೆ. ಸಾಯುತ್ತೇನೆ ಎಂದು ಗೊತ್ತಿದ್ದವರು ಅಕ್ಷರದ ಅಂಚು ಒಂದು ನೂಲು ಸೊಟ್ಟಗಾಯಿತು ಎಂದು ಒರೆಸಿ ಮತ್ತೆ ಬರೆಯುತ್ತಾರಲ್ಲ, ಅದು ಯಾವ ಆಸೆ? ಬದುಕಬೇಕೆಂಬುದಲ್ಲ, ಅದನ್ನು ಅವರು ಕ್ರಾಸಿನಲ್ಲೇ ಬೆರಳು ಮಡಚಿ ಎಣಿಸಿ ಬಿಟ್ಟಿದ್ದರು. ಹಾಗೆಂದು ಬಿಟ್ಟುಕೊಟ್ಟವರ ಹಾಗೂ ಇರಲಿಲ್ಲ. ನನ್ನ ಮನಸ್ಸು ಉಳಿಯಲೆಂದು ಕೆಲಸ ಮಾಡಿದರೋ, ತಮಗಾಗಿ ಮಾಡಿದರೋ, ಆ ಚಹಾದಂಗಡಿಗಾಗಿ ಮಾಡಿದರೋ? ರೇಷ್ಮಾಳನ್ನು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ನೇರವಾಗಿ ಹೇಳಿದಳು. ಅವತ್ತಿನಿಂದ ಆ ಹುಡುಗಿ ನನಗೆ ಹಿಡಿಸಿದಳು.

ಶಿವರಾತ್ರಿಗೆ ಎರಡು ದಿನ ಇರುವಾಗ ಬೋರ್ಡು ಮುಗಿಯಿತು. ಬಿಳಿ ಅಕ್ಷರಕ್ಕೆ ಬಲಗಡೆ ಸಣ್ಣ ಕೆಂಪು ನೆರಳು. ದೂರಕ್ಕೆ ಹೋಗಿ ನೋಡಲು ಅವರ ಕೈಲಾಗುತ್ತಿರಲಿಲ್ಲ, ನನ್ನನ್ನು ಓಣಿಯ ತುದಿಗೆ ಕಳಿಸಿ ಅಲ್ಲಿಂದ ಓದಲು ಹೇಳಿದರು. ಓಣಿಯವರೆಲ್ಲ ನೋಡುತ್ತಿದ್ದರು. ಸಂಗಮ ಚಹಾ ಅಂಗಡಿ ಎಂದು ಗಟ್ಟಿಯಾಗಿ ಓದಿದೆ.

ಪೇಂಟರುಗಳು ಬೋರ್ಡಿನ ಕೆಳಗೆ ಬಲಮೂಲೆಯಲ್ಲಿ ತಮ್ಮ ಹೆಸರು, ಊರು ಸಣ್ಣಗೆ ಬರೆಯುತ್ತಾರೆ. ಮುಂದಿನ ಗಿರಾಕಿ ಅದನ್ನು ನೋಡಿಯೇ ಹುಡುಕಿಕೊಂಡು ಬರುವುದು. ಸಣ್ಣ ಬ್ರಷ್ ತೊಳೆದು ಕೈಗೆ ಕೊಟ್ಟೆ. ತೆಗೆದುಕೊಳ್ಳಲಿಲ್ಲ.

"ಹೆಸರ ಬರೀರಿ," ಅಂದೆ.

"ಬ್ಯಾಡ. ಹೆಸರ ನೋಡಿ ಯಾರರ ಆರ್ಡರ್ ಕೊಡಾಕ ಮನೀಗೆ ಬರ್ತಾರ. ಅವರಿಗೆ ಏನಂತ ಹೇಳ್ತಿ ನೀ? ಹೇಳೂಮುಂದ ಅಳ್ತಿ. ಬ್ಯಾಡ ಬಿಡು."

ಬ್ರಷ್ ಅನ್ನು ಖಾಲಿ ಡಬ್ಬಿಯಲ್ಲಿ ನಿಲ್ಲಿಸಿ ಒಳಗೆ ಹೋದೆ.

ಶಿವರಾತ್ರಿಯ ಬೆಳಿಗ್ಗೆ ರಾಜೇಸಾಬರು ಗಾಡಿ ತಂದು ಬೋರ್ಡು ಒಯ್ದರು. ಇವರ ಎರಡೂ ಕೈ ಹಿಡಿದು ಸ್ವಲ್ಪ ಹೊತ್ತು ಕುಳಿತಿದ್ದರು. ತೂಗುಹಾಕಿದ ಮೇಲೆ ಫೋಟೋ ಕಳಿಸಿದರು. ಇವರು ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿ, ಸಾಲು ನೆಟ್ಟಗಿದೆ ಎಂದರು. ಅದಾಗಿ ಒಂಬತ್ತನೆಯ ದಿನ ಮಧ್ಯಾಹ್ನ ಹೋದರು. ನೋವಿರಲಿಲ್ಲ. ನಾನು, ಸವಿತಾ, ಇಬ್ಬರೂ ಹತ್ತಿರ ಇದ್ದೆವು.

ಯುಗಾದಿ ಆದ ಮೇಲೆ ಒಂದು ದಿನ ಬಾಗಿಲಲ್ಲಿ ಒಬ್ಬ ಮನುಷ್ಯ ನಿಂತಿದ್ದ. ಹುನಗುಂದದ ಕಡೆ ರಾಮಥಾಳದವನಂತೆ, ಪಂಪ್‌ಸೆಟ್ ರಿಪೇರಿ ಅಂಗಡಿ ಹಾಕುತ್ತಿದ್ದಾನಂತೆ. ಬಸ್ಸಿನಲ್ಲಿ ಹೋಗುವಾಗ ಕ್ರಾಸಿನ ಬೋರ್ಡು ನೋಡಿ, ಇಳಿದು ರಾಜೇಸಾಬರನ್ನು ಕೇಳಿ, ಮನೆ ಹುಡುಕಿಕೊಂಡು ಬಂದಿದ್ದ.

"ಅಂಥಾ ಅಕ್ಷರಾನ ಬೇಕ್ರಿ ನನಗ. ಪೇಂಟರ್ ಅದಾರೇನ್ರಿ?"

ರಾಜೇಸಾಬರು ಅವನಿಗೆ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲವೋ. ನಾನೇ ಹೇಳಬೇಕಾಯಿತು. ಅವರಿಲ್ಲ, ಫಾಲ್ಗುಣದಲ್ಲಿ ಹೋದರು ಎಂದೆ. ಹೇಳುವಾಗ ಅತ್ತೆ. ಆದರೆ ಅವನು ಹಾಗೇ ತಿರುಗಿ ಹೋಗಲಿಲ್ಲ. ಕಟ್ಟೆಯ ಮೇಲೆ ಕುಳಿತು, ಏನಾಗಿತ್ತು, ಅಂಥ ಅಕ್ಷರ ಹೇಗೆ ಬರೆಯುತ್ತಿದ್ದರು ಎಂದು ಕೇಳಿದ. ಕನ್ನಡಿಯ ಮುಂದೆ ನಿಂತ ಬೆಳಗಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ, ನಾನು ಹೇಳಿದ ಸುಳ್ಳನ್ನೂ. ಅಷ್ಟು ದಿನ ನಮ್ಮ ಮನೆಗೆ ಬಂದವರೆಲ್ಲ ಹೇಗೆ ಸತ್ತರು ಎಂದು ಕೇಳಿದ್ದರು. ಹೇಗೆ ಬರೆಯುತ್ತಿದ್ದರು ಎಂದು ಕೇಳಿದವನು ಅವನೊಬ್ಬನೇ. ನಡುವೆ ಎರಡು ಸಲ ಚಹಾ ಮಾಡಿದೆ. ಅವನು ಹೋದ ಮೇಲೆ ಎಷ್ಟೋ ದಿನದ ನಂತರ ಹೊಟ್ಟೆ ಹಸಿಯಿತು, ರೊಟ್ಟಿ ತಿಂದೆ.

ಇವರು ಬೋರ್ಡಿನ ಆ ಮೂಲೆಯಲ್ಲಿ ಹೆಸರು ಬರೆಯಬೇಕಿತ್ತು. ಇನ್ನೂ ನಾಲ್ಕು ಜನ ಹೀಗೆ ಕೇಳಿಕೊಂಡು ಬರುತ್ತಿದ್ದರು.